ಫೋನು ನೆನಪಿಟ್ಟುಕೊಂಡ ಗಂಟು

ಎದೆಯ ಎಡಭಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ನನಗಾಗ ಮೂವತ್ತೆರಡು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಮನೆ, ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ಗಂಡನಿಗೆ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಫೋನಿಗೆ ಹೇಳಿಕೊಂಡೆ.

ಮೊದಲ ದಿನ ಅದು ಹತ್ತಾರು ಕಾರಣ ತೋರಿಸಿತು. ಮುಟ್ಟಿಗೆ ಮುಂಚೆ ಬಂದು ಹೋಗುವ ಗಂಟು, ನೀರು ತುಂಬಿದ ಗಂಟು, ಸುಮ್ಮನೆ ಬರುವ ಗಂಟು. ನಾನು ಒತ್ತಿದ್ದು ಮಾತ್ರ ಕ್ಯಾನ್ಸರ್ ಅಂತ ಇದ್ದದ್ದನ್ನು. ಮಾರನೇ ದಿನವೂ ಅದನ್ನೇ ಓದಿದೆ. ವಾರ ಕಳೆಯುವ ಹೊತ್ತಿಗೆ 'ಗಂ' ಅಂತ ಬರೆದರೆ ಸಾಕು, ಉಳಿದದ್ದನ್ನು ಅದೇ ತುಂಬಿಸುತ್ತಿತ್ತು. ಪಲ್ಯ ಮಾಡುವುದು ಹೇಗೆ ಅಂತ ನೋಡಲು ಹೋದರೆ ಕ್ಯಾನ್ಸರಿಗೆ ಯಾವ ಸೊಪ್ಪು ಒಳ್ಳೆಯದು ಅಂತ ಬರುತ್ತಿತ್ತು. ವಿಡಿಯೋ ತೆಗೆದರೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಇಷ್ಟು ಕಡೆಯಿಂದ ಒಂದೇ ಮಾತು ಬರುತ್ತಿದೆ ಅಂದರೆ ನಿಜವೇ ಇರಬೇಕು ಅಂದುಕೊಂಡೆ. ರೈಲು ನಾನಿಳಿಯುವ ಊರಿಗಾಂ ಸ್ಟೇಷನ್ ಮುಟ್ಟುವುದರೊಳಗೆ ಮಗಳಿಗೆ ನಾಳೆ ಜಡೆ ಹಾಕುವವರು ಯಾರು ಅನ್ನುವವರೆಗೂ ಯೋಚನೆ ಓಡಿರುತ್ತಿತ್ತು.

ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ನನ್ನ ಫೋನಿನ ಚಾರ್ಜು ಮುಗಿಯಿತು. ಪಕ್ಕದ ಮೇಜಿನ ಗೆಳತಿ ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಯವಳು, ಬಿಡುವಿದ್ದಾಗ ಸೀರೆಗೆ ಕುಚ್ಚು ಕಟ್ಟುತ್ತಾಳೆ. ರೈಲಿನ ಟೈಮು ನೋಡಬೇಕು ಅಂತ ಸುಳ್ಳು ಹೇಳಿ ಅವಳ ಫೋನು ಇಸಕೊಂಡೆ. 'ಗಂಟು' ಅಂತ ಬರೆದೆ.

ಬಂದದ್ದು ರೇಷ್ಮೆ ದಾರ. ಮಣಿ ಪೋಣಿಸಿದ ಗಂಟು, ಜೋಡಿ ಗಂಟು, ಸೆರಗಿನ ತುದಿಗೆ ಹಾಕುವ ಬೇಬಿ ಕುಚ್ಚು. ಎಷ್ಟು ಕೆಳಗೆ ಹೋದರೂ ಒಂದು ಆಸ್ಪತ್ರೆಯಿಲ್ಲ.

ಅವಳು ಬಗ್ಗಿ ನೋಡಿದಳು. "ಏನಕ್ಕಾ, ಕುಚ್ಚು ಕಲಿಬೇಕಾ? ನಾನೇ ಹೇಳ್ಕೊಡ್ತೀನಲ್ಲ."

"ನನ್ ಫೋನಲ್ಲಿ ಬೇರೇನೇ ಬರುತ್ತೆ."

"ಬರ್ದೇ ಇರುತ್ತಾ? ನಾನು ಮೂರೊತ್ತೂ ಕುಚ್ಚು ನೋಡ್ತೀನಿ, ನಂಗೆ ಕುಚ್ಚು ತೋರ್ಸುತ್ತೆ. ನೀನು ಏನ್ ನೋಡಿದ್ಯೋ ಅದನ್ನ ನೆನಪಿಟ್ಕೊಂಡು ನಿಂಗೆ ಅದನ್ನೇ ಕೊಡುತ್ತೆ."

ಅಷ್ಟು ದಿನ ಲೋಕವೇ ಹೇಳುತ್ತಿದೆ ಅಂದುಕೊಂಡದ್ದು ನನ್ನ ಭಯವೇ ತಿರುಗಿ ಬರುತ್ತಿದ್ದದ್ದು. ಆವತ್ತು ಡಬ್ಬಿಯ ಅನ್ನವನ್ನೆಲ್ಲ ತಿಂದೆ. ಆದರೆ ತಪ್ಪು ಮಾಡಿದ್ದೂ ಅಲ್ಲೇ. ಫೋನು ಹೇಳಿದ್ದು ಸುಳ್ಳಾದರೆ ಗಂಟೂ ಸುಳ್ಳು ಅನ್ನುವ ಹಾಗೆ ಇನ್ನೂ ಹದಿನೈದು ದಿನ ಸುಮ್ಮನಿದ್ದೆ.

ಒಂದು ಸಂಜೆ ಅತ್ತೆ ಕೊಟ್ಟಿಗೆಯಿಂದ ಕೂಗಿದರು. ಹಾಲು ಕೊಡುವ ಹಸುವಿನ ಕೆಚ್ಚಲು ಗಂಟು ಕಟ್ಟಿದ ಹಾಗೆ ಗಟ್ಟಿಯಾಗಿತ್ತು. "ಒಸಿ ಫೋನಲ್ಲಿ ನೋಡಮ್ಮ, ಡಾಕ್ಟ್ರು ಬರಾಗಂಟ ಏನ್ ಮಾಡ್ಬೇಕು ಅಂತ." ನಾನು ಅಲ್ಲೇ ನಿಂತು 'ಗಂಟು' ಅಂತ ಶುರು ಮಾಡಿದ್ದೇ ತಡ, ಹಿಂದೆ ಕೇಳಿದ್ದೆಲ್ಲ ಸಾಲಾಗಿ ಬಂತು. ಎದೆಯಲ್ಲಿ ಗಂಟು ಇದ್ದರೆ ಕ್ಯಾನ್ಸರಾ. ಎಷ್ಟು ವರ್ಷ ಬದುಕಬಹುದು.

ಅತ್ತೆಗೆ ಓದು ಬರುತ್ತದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಹಿಡಿದು ನಿಧಾನಕ್ಕೆ ಓದಿದರು.

"ನಾನು ಅಸುವಿನ್ ವಿಚಾರ ಕೇಳಿದ್ರೆ ಇದೇನಮ್ಮ ತೋರಿಸ್ತೈತೆ?"

"ಅದು ಹಳೇದೆಲ್ಲ ನೆನಪಿಟ್ಕೊಳ್ಳುತ್ತೆ ಅತ್ತೆ, ಸುಮ್ನೆ..."

"ಫೋನಿನ್ ವಿಚಾರ ಬಿಡು. ಗಂಟೈತಾ, ಇಲ್ವಾ?"

ಇದೆ ಅಂದೆ. ಅಳು ಬಂತು. ಅವರು ಬೈಯಲಿಲ್ಲ. "ಒಬ್ಳೇ ಇಷ್ಟು ದಿನ ಇಟ್ಕೊಂಡಿದ್ಯಲ್ಲಮ್ಮ. ನಾಳೆ ನಾನೂ ಬತ್ತೀನಿ, ನಡಿ. ನಿನ್ ಗಂಡಂಗೆ ನಾನೇ ಯೋಳ್ತೀನಿ" ಅಂದು ನನ್ನ ತಲೆಯನ್ನು ಭುಜಕ್ಕೆ ಒತ್ತಿಕೊಂಡರು.

ಬೆಳಿಗ್ಗೆ ಹಸುವನ್ನು ಗಂಡ ನೋಡಿಕೊಂಡ. ನಾವಿಬ್ಬರೂ ಕೋಲಾರದ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕೈಯಿಂದ ಮುಟ್ಟಿ ನೋಡಿದರು, ಸ್ಕ್ಯಾನು ಮಾಡಿಸಿದರು, ಸೂಜಿಯಲ್ಲಿ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ ಕಾಗದ ತಿರುಗಿಸಿ ನೋಡಿ ಹೇಳಿದರು: "ಕ್ಯಾನ್ಸರ್ ಅಲ್ಲ. ಈ ವಯಸ್ಸಿನವರಲ್ಲಿ ಎಷ್ಟೋ ಜನಕ್ಕೆ ಬರೋ ಗಂಟು. ಆದ್ರೆ ಮೊದಲ ದಿನವೇ ಬರಬೇಕಿತ್ತು ನೀವು."

ಅತ್ತೆ ಒಂದು ಸಲ ಕೇಳಿದ್ದು ಸಾಲದೆ ಇನ್ನೊಂದು ಸಲ ಹೇಳಿಸಿದರು. ಹೊರಗೆ ಬಂದಾಗ ನನ್ನ ಕಾಲು ಎಷ್ಟು ಹಗುರವಾಗಿತ್ತೆಂದರೆ, ಮೆಟ್ಟಿಲಿದ್ದದ್ದೂ ಗೊತ್ತಾಗದೆ ಮುಗ್ಗರಿಸಿದೆ. ಬಂಗಾರಪೇಟೆಯಲ್ಲಿ ಬಸ್ಸಿಳಿದ ಮೇಲೆ, ಹೊರಗೆ ಕಾಫಿಯನ್ನೂ ಕುಡಿಯದ ಅತ್ತೆ ಪಾನಿಪುರಿ ಗಾಡಿಯ ಮುಂದೆ ನಿಂತುಬಿಟ್ಟರು. ಇಲ್ಲಿನ ಪಾನಿಪುರಿಗೆ ಹಾಕುವ ಬಿಳಿ ನೀರು ಗದ್ದದ ಮೇಲೆ ಸುರಿಯುತ್ತಿದ್ದರೂ "ಇನ್ನೊಂದು ಆಕಪ್ಪ" ಅಂತ ತಟ್ಟೆ ಚಾಚಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆರು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಅರಿಶಿನದ ಬೊಟ್ಟು ಇಟ್ಟಿದ್ದಾರೆ.