ಸೊರಬದ ಒಂದೇ ಲೈನು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಶಿಕಾರಿಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಸೊರಬಕ್ಕೆ ಇದ್ದದ್ದು ಒಂದೇ ಲೈನು. ಹೆಡ್‌ಫೋನ್ ಏರಿಸಿ ಕೂತರೆ ಊರಿಗೆ ಊರೇ ನಿದ್ದೆಯಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ಕದ್ದು ಕೇಳುವ ಚಟ ನನಗಿರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ.

ಬಟ್ಟೆ ಅಂಗಡಿಯವರ ಮನೆಯ ಸೊಸೆ ಪ್ರತಿ ಸೋಮವಾರ ಸೊರಬದ ತಂಗಿಗೆ ಫೋನ್ ಮಾಡುತ್ತಿದ್ದರು. ತಂಗಿ ಜಾತಿ ಬಿಟ್ಟು ಮದುವೆಯಾದವಳು, ಅವಳ ಹೆಸರನ್ನೂ ಮಾವನವರ ಮುಂದೆ ಎತ್ತುವಂತಿರಲಿಲ್ಲ. ಫೋನ್ ಬಿಲ್ಲು ನೋಡುವ ಅಕ್ಕನ ಗಂಡ ಮಾತ್ರ ಕಂಡೂ ಕಾಣದಂತಿದ್ದ ಪುಣ್ಯಾತ್ಮ. ಸೋಮವಾರ ಮಾವನವರು ತೊಗರ್ಸಿಯ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುತ್ತಿದ್ದರು. ಊರಿನ ಎಷ್ಟೋ ಹಿರಿಯರು ಅದೇ ದಾರಿ ಹಿಡಿಯುತ್ತಿದ್ದರಿಂದ, ಎಷ್ಟೋ ಹೆಂಗಸರಿಗೆ ತವರು ನೆನಪಾಗುತ್ತಿದ್ದದ್ದೂ ಆ ಹೊತ್ತಿಗೇ.

ಆಗ ಶಿವಮೊಗ್ಗದಿಂದ ಒಬ್ಬ ಕಾಲೇಜು ಮೇಷ್ಟ್ರು ಬಂದರು. ಯಾವಾಗ ಲೈನಿಗೆ ನೂಕುನುಗ್ಗಲು ಎಂದು ಅಧ್ಯಯನ ಮಾಡಿ, ಸೊರಬಕ್ಕೆ ಎರಡನೇ ಲೈನು ಬೇಕೇ ಎಂದು ವರದಿ ಕೊಡುವವರು. ನಂಬರ್ ಮರೆಮಾಡಿ, ಪ್ರತಿ ಕರೆಗೂ ಬರೆದಿಟ್ಟ ಟ್ರಂಕ್ ಕಾಲ್ ಚೀಟಿಗಳನ್ನು ಕೊಡಿ ಎಂದರು ನಮ್ಮ ಸಾಹೇಬರು. ನಾನು ನಂಬರಿಗೆಲ್ಲ ಮಸಿ ಬಳಿದುಬಿಟ್ಟೆ.

“ಏನಮ್ಮಾ, ಹತ್ತು ಜನ ಒಂದೊಂದ್ಸಲ ಮಾಡಿದ್ರೋ, ಒಬ್ರೇ ಹತ್ತು ಸಲ ಮಾಡಿದ್ರೋ, ಹೆಂಗೆ ತಿಳ್ಕೊಳ್ಲಿ?” ಎಂದರು ಮೇಷ್ಟ್ರು.

ಸರಿ, ಪ್ರತಿ ನಂಬರಿಗೂ ಒಂದು ಕಾಳಿನ ಹೆಸರಿಟ್ಟು ಹೊಸ ಹಾಳೆಯಲ್ಲಿ ಬರೆದೆ. ಸೊಸೆ ಹುರುಳಿ, ತಂಗಿ ಎಳ್ಳು. ಮಧ್ಯಾಹ್ನದ ಜೊಂಪಿನಲ್ಲಿ ಹುರುಳಿ ಎಳ್ಳಿನ ಜೊತೆ, ಅವರೆ ತೊಗರಿಯ ಜೊತೆ ಪಿಸುಗುಟ್ಟುತ್ತಿದ್ದವು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಜೊತೆಯ ಆಪರೇಟರ್ ಟೀ ಕುಡಿಯುತ್ತ ಹಾಳೆ ನೋಡಿದಳು. “ಪ್ರತಿ ಸೋಮವಾರ, ಸೊರಬ, ಮೂರೇ ನಿಮಿಷ. ಈ ಹುರುಳಿ ಬಟ್ಟೆ ಅಂಗಡಿ ಸೊಸೆ ಅಲ್ವೇನ್ರೀ?”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಗಿತ್ತು ನನ್ನ ಕೆಲಸ. ಮೇಷ್ಟ್ರು ದಿನಾ ಊಟಕ್ಕೆ ಹೋಗುತ್ತಿದ್ದದ್ದು ಆ ಮಾವನವರ ಮನೆಗೇ! ತಾರೀಖು, ವಾರ ಎರಡನ್ನೂ ಕಿತ್ತು, ಗಂಟೆ ಮಾತ್ರ ಉಳಿಸಿ ಮತ್ತೆ ಬರೆದುಕೊಟ್ಟೆ. ವಾರ ಇಲ್ಲದೆ ಅರ್ಧ ಅಧ್ಯಯನ ಹೋಯಿತೆಂದು ಮೇಷ್ಟ್ರು ಗೊಣಗಿದರು. ನಾನು ಜಗ್ಗಲಿಲ್ಲ.

ವರದಿ ಬಂತು. ಸರಾಸರಿ ನೋಡಿದರೆ ಕರೆಗಳು ಕಡಿಮೆ, ಇರುವ ಲೈನೇ ಸಾಕು ಎಂದಿತ್ತು. ಸೋಮವಾರದ ನೂಕುನುಗ್ಗಲು ಅದರಲ್ಲಿ ಎಲ್ಲಿಂದ ಬರಬೇಕು? ಅಳಿಸಿದವಳೇ ನಾನು.

ಕೆಲವು ತಿಂಗಳ ಮೇಲೆ ಸೊರಬದ ತಂಗಿಗೆ ಮಗುವಾಯಿತು. ಮುಂದಿನ ಸೋಮವಾರ ಅದರ ದನಿ ಕೇಳಿಸುತ್ತೇನೆಂದು ಅಕ್ಕನಿಗೆ ಹೇಳಿದ್ದಳು. ಆ ಸೋಮವಾರ ಸೊಸೆ ಕರೆ ಬುಕ್ ಮಾಡಿದಾಗ ಮುಂದೆ ಹತ್ತಾರು ಜನ ಸಾಲಿನಲ್ಲಿದ್ದರು. “ಅಕ್ಕಾರೇ, ಲೈನ್ ಸಿಕ್ತೇನ್ರೀ?” ಎಂದು ನಾಲ್ಕು ಸಲ ಕೇಳಿದರು. ಕೊನೆಗೂ ಸೊರಬ ಸಿಕ್ಕಿತು, ತಂಗಿ ಬಂದಳು. ಈ ಕಡೆ ರಿಂಗ್ ಕೊಟ್ಟೆ. ಎತ್ತಿದವರು ಅಷ್ಟರಲ್ಲಿ ತೊಗರ್ಸಿಯಿಂದ ಮರಳಿದ್ದ ಮಾವನವರು.

“ಯಾರ್ರೀ ಅದು?”

“ರಾಂಗ್ ನಂಬರ್ ರೀ,” ಎಂದು ತಪ್ಪಿಸಿದೆ.

ಸೊರಬದ ಕಡೆ ಮಗು ಕುಂಯ್‌ಗುಡುತ್ತಿತ್ತು. “ಅಕ್ಕಾ, ಕೇಳಿಸ್ತಾ?” ಎಂದಳು ತಂಗಿ.

ಕೇಳಿಸಿದ್ದು ನನಗೊಬ್ಬಳಿಗೇ. “ಇವತ್ತಾಗ್ಲಿಲ್ಲಮ್ಮ,” ಎಂದೆ, “ಮುಂದಿನ ಸೋಮವಾರ ನೋಡಾಣ.”