ಪಿನ್ನು ಚುಚ್ಚಿದ ಬ್ಯಾಡ್ಜುಗಳು

ಕೊರೊನಾ ಎರಡನೇ ಅಲೆ ಇಳಿದ ಮರುವರ್ಷ. ನಾನಾಗ ಹರಿಹರದಲ್ಲಿ ಕ್ಷಯರೋಗ ವಿಭಾಗದ ಹಿರಿಯ ಮೇಲ್ವಿಚಾರಕ. ರೋಗಿಗಳು ಮಾತ್ರೆ ನುಂಗುತ್ತಾರೋ ಇಲ್ಲವೋ ನೋಡುವುದು ಕೆಲಸ. 'ನುಂಗಿದೆ' ಎಂದವರ ದಿಂಬಿನ ಕೆಳಗೇ ಮಾತ್ರೆ ಸಿಕ್ಕಿ ಸಿಕ್ಕಿ, ಯಾರ ಮಾತನ್ನೂ ನಂಬದ ಚಾಳಿ ನನಗೆ ಅಂಟಿಕೊಂಡಿತ್ತು.

ದಾವಣಗೆರೆಯ ಪ್ರದರ್ಶನವೊಂದಕ್ಕೆ ಕ್ಷಯರೋಗಕ್ಕೆ ಸಂಬಂಧಿಸಿದ ಹಳೆಯ ಸಾಮಾನು ಆರಿಸುವ ಹೊಣೆ ನನ್ನ ತಲೆಗೆ ಬಿತ್ತು. ಕಡರನಾಯಕನಹಳ್ಳಿಯ ಗಂಗಮ್ಮ ಎಂಬ ಹಿರಿಯ ಹೆಂಗಸು ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ರಟ್ಟಿನ ಬ್ಯಾಡ್ಜುಗಳು. ಹಿಂದೆ ಬಡ ಕ್ಷಯರೋಗಿಗಳ ಔಷಧಿಗೆಂದು ಇವನ್ನು ಮನೆಮನೆಗೆ ಮಾರುತ್ತಿದ್ದರು. ಕೊಂಡವರ ಬಟ್ಟೆಗೆ ಪಿನ್ನು ಚುಚ್ಚಿಯೇ ಕೊಡಬೇಕೆಂಬುದು ನಿಯಮ. ಗಂಗಮ್ಮನ ತಂದೆ ಹನುಮಂತಪ್ಪ ಹರಿಹರದ ಪೇಟೆಯಲ್ಲಿ ಮಾರಿದವರು.

ಒಂದೊಂದನ್ನೇ ಬೆಳಕಿಗೆ ಹಿಡಿದೆ. ಎಲ್ಲದರಲ್ಲೂ ಪಿನ್ನಿನ ತೂತು. ಮಾರಿದ್ದು ಮತ್ತೆ ಇವರ ಡಬ್ಬಿಗೆ ಬಂದದ್ದು ಹೇಗೆ?

"ನಿಮ್ಮಪ್ಪ ಇವನ್ನ ವಾಪಸ್ ಈಸ್ಕೊಂಡು ಮತ್ತೆ ಮಾರ್ತಿದ್ರಾ?" ಎಂದು ಕೇಳಿಯೇಬಿಟ್ಟೆ.

ಆಕೆಯ ಮುಖ ಸಪ್ಪಗಾಯಿತು. "ಆಗ್ಲೂ ಹಂಗೇ ಅಂದು ಕೆಲ್ಸದಿಂದ ತೆಗೆದ್ರು ಸಾರ್. ಅಪ್ಪ ಬಾಯೇ ಬಿಡ್ಲಿಲ್ಲ. ಕಳ್ಳನ ಮಗಳು ಅನ್ನಿಸ್ಕಂಡೇ ಬೆಳೆದೀನಿ. ನೀವಾದ್ರೂ ನೋಡಿ ಹೇಳ್ರಿ."

ಬಾಯಿ ಬಿಡದವರ ಮೇಲೆ ನನಗೆ ಅನುಮಾನ ಇನ್ನಷ್ಟು ಬಲಿಯಿತು. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅದೇ ವಾರ ಪೇಟೆಯ ರೋಗಿಯೊಬ್ಬರ ಮನೆಗೆ ಹೊರಟೆ. ಎಂದಿನಂತೆ ಬೈಕನ್ನು ಎರಡು ಬೀದಿ ಆಚೆ ನಿಲ್ಲಿಸಿ, ಕೊರಳಿನ ಗುರುತಿನ ಚೀಟಿಯನ್ನು ಜೇಬಿಗೆ ತುರುಕಿದೆ. ಟಿ.ಬಿ.ಯವರು ಬಂದರೆಂದು ನೆರೆಹೊರೆಗೆ ತಿಳಿದರೆ ಆ ಮನೆಯ ಹೆಣ್ಣುಮಕ್ಕಳ ಮದುವೆಗೆ ಕಲ್ಲು ಹಾಕಿದಂತೆಯೇ. ಜೇಬಿನಲ್ಲಿದ್ದ ಕೈ ಹಾಗೇ ನಿಂತಿತು. ಆ ಕಾಲದಲ್ಲಿ ಎದೆಯ ಮೇಲೆ ಟಿ.ಬಿ. ಬ್ಯಾಡ್ಜು ಹಾಕಿಕೊಂಡು ಯಾರು ತಾನೇ ಓಡಾಡುತ್ತಿದ್ದರು?

ಪೇಟೆಯ ಹಿರಿಯ ಅಜ್ಜಿಯೊಬ್ಬರನ್ನು ವಿಚಾರಿಸಿದೆ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ದುಡ್ಡು ಕೊಡ್ತಿದ್ವಿ, ಹನುಮಂತಪ್ಪ ಚುಚ್ಚಿದ್ದನ್ನ ಅಲ್ಲೇ ಕಿತ್ತು ವಾಪಸ್ ಕೊಡ್ತಿದ್ವಿ. ನಮ್ಮ ಮನ್ಯಾಗ ನಾದಿನಿ ನಿಖಾ ಇತ್ತು. ಬೀಮಾರಿ ಐತೆ ಅಂತ ಮಂದಿ ಅಂದ್ರೆ? ನಮ್ಮ ಹೆಸ್ರು ಎಲ್ಲೂ ಹೇಳಬ್ಯಾಡಪ್ಪ ಅಂದಿದ್ದೆ. ಪಾಪ, ಹೇಳಲೇ ಇಲ್ಲ."

ವಾಪಸ್ ಬಂದದ್ದನ್ನು ಮತ್ತೆ ಮಾರಿದ್ದರೆ ಆ ಡಬ್ಬಿ ತುಂಬುತ್ತಲೇ ಇರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಂಗಮ್ಮನ ಮನೆಗೆ ಹೋಗಿ ಎಲ್ಲ ಹೇಳಿ, ತಪ್ಪಾಯಿತೆಂದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪ್ರದರ್ಶನದ ಫಲಕದಲ್ಲಿ ಅಜ್ಜಿಯ ಹೆಸರನ್ನೂ ಮಾತನ್ನೂ ಹಾಕಿದರೆ ಯಾರೂ ಅನುಮಾನ ಪಡುವುದಿಲ್ಲ ಎಂದೆ.

"ಅಪ್ಪನ ಹೆಸ್ರು ಹಾಕ್ರಿ ಸಾರ್. ಅಜ್ಜಿ ಹೆಸ್ರು ಬ್ಯಾಡ. ಅಪ್ಪ ಮುಚ್ಚಿಟ್ಟಿದ್ದನ್ನ ನಾ ಹೆಂಗೆ ಬಿಚ್ಚಲಿ?"

ಅನುಮಾನ ನನ್ನ ವೃತ್ತಿಗೆ ಬೇಕಾದ ಗುಣವೇ. ಆದರೆ ಸುಮ್ಮನಿರುವವರು ಯಾರ ಮಾನ ಕಾಯುತ್ತಿದ್ದಾರೆಂದು ಮೊದಲು ಕೇಳಿಕೊಳ್ಳಬೇಕು. ಅಜ್ಜಿಯ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ.