ಹೀಟರ್ ಹಾಕಿಕೊಂಡೇ ಗುಡ್ಡ ಹತ್ತುತ್ತಿದ್ದ ಏವ್ರಿಲ್

ಬೇಸಿಗೆಯ ಬಿಸಿಲಲ್ಲಿ, ಮೇಲಿನ ಹೊದಿಕೆ ಮಡಚಿದ ಕಾರಿನಲ್ಲಿ, ಹೀಟರನ್ನು ಪೂರ್ತಿ ತಿರುಗಿಸಿಕೊಂಡು ಓಡಾಡುವ ಹೆಂಗಸು ಇಡೀ ಡರ್ಬಿಶೈರ್ ಜಿಲ್ಲೆಗೆ ಒಬ್ಬಳೇ. ಅವಳು ನನ್ನ ಪಕ್ಕದ ಮನೆಯ ಏವ್ರಿಲ್ ಹ್ಯಾಲಮ್. ಶಾಲೆಯ ಅಡುಗೆಮನೆಯಲ್ಲಿ ಕಸ್ಟರ್ಡ್ ಕಲಸುತ್ತಲೇ ತಲೆ ನರೆತವಳು. ಗಂಡ ಬೇಡವೆಂದಳು, ನಾಯಿಯೂ ಬೇಡವೆಂದಳು. ನಿವೃತ್ತಿಯಾದ ವಾರವೇ ಇಬ್ಬರು ಕೂರುವಂಥ ಹಸಿರು ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಮನೆ ಮುಂದೆ ನಿಲ್ಲಿಸಿದಳು. ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾನೂ ಇಟ್ಟೆ, ಸುಳ್ಳೇಕೆ ಹೇಳಲಿ.

ಆ ಕಾರಿನ ಎಂಜಿನ್ ಸೀಟಿನ ಹಿಂದೆ, ನೀರು ತಣಿಸುವ ರೇಡಿಯೇಟರ್ ಎಲ್ಲೋ ಮೂತಿಯಲ್ಲಿ. ಗುಡ್ಡ ಹತ್ತುವಾಗ ಎಂಜಿನ್ ಕಾದು ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ವಾಲುತ್ತಿತ್ತು. ಹೀಟರ್ ಹಾಕಿದರೆ ಆ ಕಾವು ಒಂದಿಷ್ಟು ನಮ್ಮ ಕಾಲ ಮೇಲೆ ಬಂದು ಬೀಳುತ್ತದೆ, ಎಂಜಿನ್ನಿಗೆ ಉಸಿರು ಬರುತ್ತದೆ. ಅದೇ ಅವಳ ಉಪಾಯ. ಒಮ್ಮೆ ಅವಳ ಜೊತೆ ಸಂತೆಗೆ ಹೋಗಿ ಬಂದೆ. ಮನೆ ಮುಟ್ಟುವಾಗ ಬುಟ್ಟಿಯಲ್ಲಿದ್ದ ಬೆಣ್ಣೆಗೂ ನನಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಹೀಗಿರುವಾಗ ಅವಳ ತಂಗಿ ಜಾನಿಸ್‌ಗೆ ಎರಡನೇ ಮದುವೆ ಕೂಡಿಬಂತು. ಗಂಡು ಮಾಂಸದಂಗಡಿಯ ಕ್ಲಿಫರ್ಡ್, ಒಳ್ಳೆಯ ಮನುಷ್ಯ, ಹಂದಿ ಮಾಂಸದ ಪೈ ಮಾಡುವುದರಲ್ಲಿ ಎತ್ತಿದ ಕೈ. ಜಾನಿಸ್‌ಳ ಮೊದಲ ಮದುವೆಯ ದಿನ ಗೊತ್ತುಮಾಡಿದ್ದ ಕಾರು ಬಾರದೆ, ಮದುಮಗಳು ಬ್ರೆಡ್ ವ್ಯಾನಿನಲ್ಲಿ ಊರ ಪುಟ್ಟ ಚರ್ಚಾದ ಚಾಪೆಲ್‌ಗೆ ಹೋಗಬೇಕಾಯಿತು. ಹಿಟ್ಟು ಮೆತ್ತೀತೆಂದು ದಾರಿಯುದ್ದಕ್ಕೂ ಅವಳ ಬಿಳಿ ಉಡುಪನ್ನು ಎತ್ತಿ ಹಿಡಿದು ಕೂತವಳು ಏವ್ರಿಲ್. "ಮುಂದಿನ ಸಲ ನಿನ್ನನ್ನ ತೆರೆದ ಕಾರಲ್ಲಿ ಕರ್ಕೊಂಡ್ ಹೋಗ್ತೀನಿ ಕಣೇ" ಎಂದು ಅಳುವ ತಂಗಿಯನ್ನು ನಗಿಸಿದ್ದಳಂತೆ. ಜಾನಿಸ್ ಅದನ್ನು ಮರೆತಿದ್ದಳು. ಏವ್ರಿಲ್ ಮರೆತಿರಲಿಲ್ಲ.

ಚಾಪೆಲ್ ಇರುವುದು ಗುಡ್ಡದ ನೆತ್ತಿಯಲ್ಲಿ. ಒಮ್ಮೆ ಹೋಗಿ ನೋಡಿಬರೋಣವೆಂದು ಅಕ್ಕತಂಗಿಯರು ಹೊರಟರು. ಕಲ್ಲುಗಣಿಯ ತಿರುವಿನಲ್ಲಿ ಕಾರು ಬುಸ್ಸೆಂದು ಹಬೆ ಬಿಟ್ಟು ನಿಂತೇಬಿಟ್ಟಿತು, ಹೀಟರ್ ಉರಿಯುತ್ತಿದ್ದಾಗಲೇ. ಹಿಂದೆ ಬಂದ ಬಸ್ಸಿನವರು ಕೈಬೀಸಿ ಹೋದರು. ಜಾನಿಸ್ ನಡೆದುಕೊಂಡೇ ಇಳಿದು ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ಬೆನ್ನಿಗೇ ಏವ್ರಿಲ್ ಬಂದಳು.

"ನಂಗೆ ಈ ಕಾರ್ ಬೇಡಮ್ಮ. ಕ್ಲಿಫರ್ಡ್ ವ್ಯಾನಲ್ಲಿ ಬರ್ತೀನಿ" ಎಂದಳು ಜಾನಿಸ್.

"ಮಾಂಸದ ವ್ಯಾನಲ್ಲಾ?"

"ಅದ್ರಲ್ಲಿ ತಣ್ಣಗಾದ್ರೂ ಇರುತ್ತೆ. ನಿನ್ ಕಾರಲ್ಲಿ ಬಂದ್ರೆ ಪಾದ್ರಿ ಮುಂದೆ ನಾನು ಬೆಂದ ಹ್ಯಾಮ್ ಥರ ನಿಂತ್ಕೋಬೇಕು."

"ಹೀಟರ್ ಇಲ್ದೆ ಗುಡ್ಡ ಹತ್ತಿಸಿದ್ರೆ ಬರ್ತೀಯಾ?"

"ಹತ್ತಿಸು, ಆಮೇಲೆ ನೋಡೋಣ."

ಏವ್ರಿಲ್ ಮುಖ ಸಣ್ಣಗಾಯಿತು.

ಮರುದಿನವೇ ಅವಳು ತನ್ನ ಕಾರು ಕ್ಲಬ್ಬಿನವರನ್ನು ಕೇಳಿ ಬಂದಳು. ಎಂಜಿನ್ನಿನ ಬಾಯಲ್ಲೇ ಕೂತು, ಕಾದಾಗ ಬಾಗಿಲು ತೆರೆದು ನೀರು ಬಿಡುವ ಥರ್ಮೋಸ್ಟಾಟ್ ತೆಗೆದುಹಾಕಿ, ಬೇರೊಂದನ್ನು ಹೊರಗೆ, ಪೈಪಿನ ನಡುವೆ ಕೂರಿಸಬೇಕಂತೆ. ಈಗಿರುವುದು ಬಾಗಿಲು ತೆರೆದೊಡನೆ ಮುಂದಿನ ರೇಡಿಯೇಟರಿನ ತಣ್ಣೀರು ಒಮ್ಮೆಗೇ ನುಗ್ಗಿ ಕಾದ ಎಂಜಿನ್ನಿಗೆ ಬಡಿಯುತ್ತದೆ, ಎಂಜಿನ್ನಿನ ಸಂದು ಮುಚ್ಚುವ ಗ್ಯಾಸ್ಕೆಟ್ ಸೋರುತ್ತದೆ. ಹೊರಗಿದ್ದರೆ ಬಿಸಿನೀರೂ ತಣ್ಣೀರೂ ಬೆರೆತು ಮೆಲ್ಲಗೆ ಒಳಹೋಗುತ್ತದೆ. ಅವಳು ಎರಡು ಸಲ ವಿವರಿಸಿದಳು.

"ಅಷ್ಟಕ್ಕೆ ಇಷ್ಟೊಂದಾ?" ಎಂದೆ. "ಕುದಿಯೋ ಜಾಮ್ ಸುರಿಯೋ ಮುಂಚೆ ಜಾಡಿ ಬಿಸಿ ಮಾಡ್ಕೋತೀವಲ್ಲ, ಇಲ್ದಿದ್ರೆ ಬಿರುಕು ಬಿಡುತ್ತೆ. ಅದೇ ತಾನೇ?"

"ಅದೇ. ಹಾಗಾದ್ರೆ ನಿನ್ ಜಾಮ್ ಪಾತ್ರೆ ಕೊಡು."

ಬಾಯಿ ಬಿಟ್ಟು ನಾನೇ ಸಿಕ್ಕಿಬಿದ್ದೆ. ನನ್ನ ತಾಯಿ ಬಳಸುತ್ತಿದ್ದ ತಾಮ್ರದ ಪಾತ್ರೆ ಅದು. ಸ್ಟ್ರಾಬೆರಿ, ಪ್ಲಮ್ ಬಿಟ್ಟು ಬೇರೇನನ್ನೂ ಕಂಡದ್ದಲ್ಲ. ಅದರಲ್ಲಿ ನೀರು ತುಂಬಿ, ಹೊಸ ಥರ್ಮೋಸ್ಟಾಟನ್ನು ದಾರ ಕಟ್ಟಿ ಇಳಿಬಿಟ್ಟು, ನನ್ನದೇ ಜಾಮ್ ಥರ್ಮಾಮೀಟರ್ ಹಿಡಿದು ಒಲೆಯ ಮುಂದೆ ನಿಂತಳು. ನೀರು ಕುದಿಗೆ ಸಮೀಪಿಸಿದಾಗ ಅದು ಮೆಲ್ಲಗೆ ಬಾಯಿ ತೆರೆಯಿತು. ಏವ್ರಿಲ್ ಮಕ್ಕಳಂತೆ ಚಪ್ಪಾಳೆ ತಟ್ಟಿದಳು. ಪಾತ್ರೆಗಾಗಿ ಬಂದಿದ್ದ ಸಿಟ್ಟನ್ನು ನಾನು ಅಲ್ಲಿಗೇ ನುಂಗಿಕೊಂಡೆ.

ಶನಿವಾರ ಅವಳು ಕಾರಿನ ಅಡಿ ತೂರಿದಳು. ನಾನು ಟಾರ್ಚ್ ಹಿಡಿದೆ. ಹಳೆಯದು ಹೊರಗೆ ಬಂತು, ಪೈಪು ಕತ್ತರಿಸಿದ್ದಾಯಿತು, ಹೊಸದು ಕೂತಿತು, ಕ್ಲಿಪ್ಪುಗಳು ಬಿಗಿಯಾದವು. ಎಂಜಿನ್ ತಣಿಸುವ ಹೊಸ ಕೂಲಂಟ್ ನೀರು ತುಂಬಿ, ಹೀಟರ್ ತಿರುಗಿಸಿ ಎಂಜಿನ್ ಶುರು ಮಾಡಿದಳು. ಮುಳ್ಳು ಏರುತ್ತಲೇ ಹೋಯಿತು, ಹೀಟರ್ ಮಾತ್ರ ತಣ್ಣಗೆ ಊದುತ್ತಿತ್ತು. ಇಷ್ಟು ವರ್ಷ ಬೇಡವೆಂದರೂ ಸುಟ್ಟ ಹೀಟರ್, ಬೇಕೆಂದ ದಿನ ಮುನಿಸಿಕೊಂಡಿತು. ಏವ್ರಿಲ್ ಎಂಜಿನ್ ಆರಿಸಿ ಮೆಟ್ಟಿಲ ಮೇಲೆ ಕುಸಿದಳು.

"ಕೆಡಿಸ್ಬಿಟ್ಟೆ ಅನ್ಸುತ್ತೆ. ಅವಳು ಮತ್ತೆ ವ್ಯಾನಲ್ಲೇ ಹೋಗ್ತಾಳೆ."

"ಅಳೋದಿದ್ರೆ ಚಹಾ ಕುಡಿದು ಅಳು" ಎಂದೆ.

ಎರಡು ಲೋಟ ಚಹಾ ಮುಗಿಯುವಷ್ಟರಲ್ಲಿ ಎಂಜಿನ್ ತಣಿದಿತ್ತು, ಅವಳ ತಲೆಯೂ ತಣಿದಿತ್ತು. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ, ಬಿಸಿನೀರು ಹೀಟರಿನವರೆಗೆ ಬರುತ್ತಲೇ ಇಲ್ಲ ಎಂದು ಹೊಳೆಯಿತು. ಹೀಟರ್ ಪೈಪಿನ ಸಣ್ಣ ತಿರುಪನ್ನು ಸಡಿಲಿಸಿ, ಹಸುವಿನ ಹಾಲು ಕರೆಯುವಂತೆ ಪೈಪುಗಳನ್ನು ಒತ್ತಿದಳು. ಸುಯ್ಯೆಂದು ಗಾಳಿ ಹೊರಟಿತು, ಆಮೇಲೆ ಗುಳ್ಳೆ, ಆಮೇಲೆ ಬರೀ ನೀರು. ಮತ್ತೆ ಶುರು ಮಾಡಿದಾಗ ಹೀಟರ್ ಬೆಚ್ಚಗೆ ಊದಿತು, ಮುಳ್ಳು ನಡುವೆ ನಿಂತಿತು. ನಾವಿಬ್ಬರೂ ಅಂಗಳದಲ್ಲೇ ಕುಣಿದೆವು, ಮಂಡಿ ನೋವು ಆಮೇಲೆ ನೆನಪಾಯಿತು.

ಮದುವೆಯ ದಿನ ಜಾನಿಸ್ ಕಾರಿಗೇನೋ ಹತ್ತಿದಳು. ಆದರೆ ಮದುಮಗನ ವ್ಯಾನನ್ನೂ ಹಿಂದೆ ಬರಹೇಳಿದ್ದಳು; ಕ್ಲಿಫರ್ಡ್ ಮೇಲೆ ಚಾಪೆಲ್ ಬಾಗಿಲಲ್ಲಿ ಕಾಯುತ್ತಿದ್ದ, ವ್ಯಾನಿನ ಸ್ಟೀರಿಂಗ್ ಹಿಡಿದವಳು ನಾನು. ಹೀಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಕಲ್ಲುಗಣಿಯ ತಿರುವು ಬಂದಾಗ ಏವ್ರಿಲ್‌ಳ ಕೈ ಅಭ್ಯಾಸಬಲದಿಂದ ಹೀಟರಿನ ಕಡೆ ಹೋಯಿತು. ಜಾನಿಸ್ ಆ ಕೈಗೆ ಫಟ್ಟೆಂದು ಒಂದು ಬಿಟ್ಟಳು. ಕೈ ಹಿಂದೆ ಸರಿಯಿತು. ಹಬೆಯಿಲ್ಲ, ಬುಸ್ಸೆನ್ನಲಿಲ್ಲ, ಹಸಿರು ಕಾರು ತಿರುವು ದಾಟಿ ಮೇಲೇರಿತು.

ನಮ್ಮ ಕಡೆಯ ಜೂನ್ ತಿಂಗಳನ್ನು ನಂಬಿದವರುಂಟೇ? ನೆತ್ತಿಯ ಮೇಲೆ ಗಾಳಿ ಬೀಸಿತು, ತುಂತುರು ಶುರುವಾಯಿತು. ಕಾರು ಚಾಪೆಲ್ ಮುಂದೆ ನಿಂತಿತು. ಕ್ಲಿಫರ್ಡ್ ಓಡಿ ಬಂದು ಬಾಗಿಲು ತೆರೆದ. ತೆಳು ಉಡುಪಿನ ಜಾನಿಸ್ ಇಳಿಯಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು.

"ಏವ್ರಿಲ್, ಹೀಟರ್ ಹಾಕೇ."

ಆ ಕಾರಿನಲ್ಲಿ ಕೂತವರ ಬಾಯಿಂದ ಆ ಮಾತನ್ನು ಏವ್ರಿಲ್ ಎಂದೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು. ಹೀಟರ್ ತಿರುಗಿಸಿ, ನೆನೆಯುತ್ತಿದ್ದ ತಂಗಿಯ ಉಡುಪಿನ ಅಂಚನ್ನು ಬಗ್ಗಿ ಎತ್ತಿ ಹಿಡಿದಳು. ಜಾನಿಸ್ ಆ ಕೈಯನ್ನೇ ನೋಡಿದಳು.

"ಬ್ರೆಡ್ ವ್ಯಾನಲ್ಲೂ ಹೀಗೇ ಹಿಡ್ಕೊಂಡಿದ್ದೆ ಅಲ್ವೇನೇ" ಎಂದಳು. ಆಮೇಲೆ ಕ್ಲಿಫರ್ಡ್ ಕಡೆ ತಿರುಗಿದಳು. "ನೀನು ಒಳಗೋಗಿರು. ನಾನು ನಮ್ಮಕ್ಕನ ಜೊತೆ ಇನ್ನೊಂದ್ ಸ್ವಲ್ಪ ಹೊತ್ತು ಕೂತು ಬರ್ತೀನಿ."